ಆಟಿ ಅಮಾವಾಸ್ಯೆಯ ಹಾಲೆ ಕಷಾಯ: ನೂರು ಜನಕ್ಕೆ ನಾನು ಮಾಡುವ ಕ್ರಮ

ದಕ್ಷಿಣ ಕನ್ನಡದ ಹಳ್ಳಿಯಲ್ಲಿ ಆಯುರ್ವೇದ ಕ್ಲಿನಿಕ್ ಇಟ್ಟುಕೊಂಡವರಿಗೆ ಆಟಿ ಅಮಾವಾಸ್ಯೆ, ಅಂದರೆ ತುಳುವರ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ, ರಜೆಯಲ್ಲ. ಹಿಂದೆ ಮನೆಮನೆಯಲ್ಲೂ ಬೆಳಗಿನ ಜಾವ ಹಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಮಾಡಿಕೊಳ್ಳುತ್ತಿದ್ದರು. ಈಗ ಮರ ಬಲ್ಲವರು ಕಡಿಮೆ, ಕುಡಿಯಬೇಕೆನ್ನುವವರು ಮಾತ್ರ ಹಾಗೆಯೇ ಇದ್ದಾರೆ. ಆದ್ದರಿಂದ ಭಜನಾ ಮಂದಿರದ ಅಂಗಳದಲ್ಲಿ ಒಟ್ಟಿಗೆ ಮಾಡಿ ಹಂಚುತ್ತೇವೆ. ಮರ ಒಬ್ಬರ ಜಾಗದ್ದು, ಕುಟ್ಟುವುದು ಯುವಕ ಮಂಡಲದ ಹುಡುಗರು, ಗಂಜಿ ಸ್ವಸಹಾಯ ಸಂಘದ ಹೆಂಗಸರದ್ದು. ನನ್ನ ಪಾಲಿಗೆ ಮರದ ಗುರುತು ಮತ್ತು ಅಳತೆ.

ಮರ ನೋಡುವುದು ಹಿಂದಿನ ದಿನ, ಹಗಲಿನಲ್ಲಿ. ಕತ್ತಲಲ್ಲಿ ಟಾರ್ಚ್ ಹಿಡಿದು ಕಾಂಡ ಮಾತ್ರ ನೋಡಿ ಕೆತ್ತೆ ತರುವುದೇ ಅನಾಹುತದ ಮೂಲ. ಹಾಲೆಯ, ಅಂದರೆ ಸಪ್ತಪರ್ಣದ, ಎಲೆಗಳು ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳರವರೆಗೆ ಚಕ್ರದಂತೆ ಇರುತ್ತವೆ. ಕೊಂಬೆಗಳೂ ಹಾಗೆಯೇ ಅಂತಸ್ತು ಅಂತಸ್ತಾಗಿ ಹೊರಡುತ್ತವೆ. ಎಲೆ ಮುರಿದರೆ ಬಿಳಿ ಹಾಲು. ಹಾಲೆಯೆಂದು ತಪ್ಪಿ ಕೆತ್ತೆ ತರುವ ವಿಷದ ಮರ ಕಾಸರಕ. ಅದರ ಎಲೆ ಜೋಡಿಜೋಡಿ, ಎದುರುಬದುರು. ಹೊಳಪು ಹೆಚ್ಚು, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲಿಲ್ಲ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಎರಡರ ಕೆತ್ತೆಯೂ ಕಹಿ, ಹಾಗಾಗಿ ನಾಲಗೆಗೆ ತಾಗಿಸಿ ನೋಡುವ ಪರೀಕ್ಷೆಗೆ ಅರ್ಥವಿಲ್ಲ. ಹಾಲು ಬಂತೆಂದ ಮಾತ್ರಕ್ಕೂ ನಂಬಬಾರದು, ಕಣಗಿಲೆಗೂ ಹಾಲುಂಟು. ಎಲೆಯ ಚಕ್ರ, ಕೊಂಬೆಯ ಅಂತಸ್ತು, ಹಾಲು, ಮೂರೂ ಕೂಡಿದರೆ ಮಾತ್ರ ಕಾಂಡಕ್ಕೆ ನೂಲು ಕಟ್ಟುತ್ತೇನೆ. ಮುಂಚಿನ ದಿನ ನೂಲು ಕಟ್ಟುವ ಕ್ರಮ ಹಿರಿಯರದ್ದೇ. ಬೆಳಿಗ್ಗೆ ನೂಲಿಲ್ಲದ ಮರ ಮುಟ್ಟುವ ಹಾಗಿಲ್ಲ.

ಕೆತ್ತೆ ತೆಗೆಯುವುದು ಕಲ್ಲಿನಿಂದ, ಕತ್ತಿ ತಾಗಿಸುವುದಿಲ್ಲ. ಸೂರ್ಯೋದಯಕ್ಕೆ ಮೊದಲು ಆ ಮರದಲ್ಲಿ ಸಕಲ ಔಷಧಿಯೂ ಸೇರುತ್ತದೆ ಎಂಬ ನಂಬಿಕೆಯ ಬಗ್ಗೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಕಲ್ಲಿನ ನಿಯಮದಿಂದ ಮರಕ್ಕೆ ಲಾಭವಿದೆ. ಕತ್ತಿಯ ಏಟು ತಿರುಳಿನವರೆಗೆ ಇಳಿಯುತ್ತದೆ, ಕಲ್ಲು ಸಿಪ್ಪೆಯನ್ನಷ್ಟೇ ಎಬ್ಬಿಸುತ್ತದೆ. ನಾಲ್ಕು ಬೆರಳು ಅಗಲ, ಒಂದು ಗೇಣು ಉದ್ದದ ಪಟ್ಟಿ, ಮೇಲಿಂದ ಕೆಳಗೆ. ಕಾಂಡದ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಸುತ್ತಲೂ ಬಳೆಯಂತೆ ತೆಗೆದರೆ ಎಲೆಯಿಂದ ಬೇರಿಗೆ ಆಹಾರ ಇಳಿಯದೆ ಮರ ಸಾಯುತ್ತದೆ. ರಸ್ತೆ ಬದಿಯ ಮರದ ಕೆತ್ತೆ ಬೇಡ.

ನೂರು ಜನಕ್ಕೆ ನನ್ನ ಅಳತೆ ಹೀಗೆ: ಹೊರಗಿನ ಒರಟು ಪದರ ಕೆರೆದ ಒಳಕೆತ್ತೆ 1 ಕಿಲೋ, ಸುಲಿದ ಬೆಳ್ಳುಳ್ಳಿ 100 ಗ್ರಾಂ, ಕಾಳುಮೆಣಸು 50, ಓಮ 50, ಅರಸಿನ ಕೊಂಬು 20 ಗ್ರಾಂ, ಕುದಿಸಿ ಆರಿಸಿದ ನೀರು ಮೂರೂವರೆ ಲೀಟರ್. ಮೊದಲು ಕೆತ್ತೆಯನ್ನು ಮಾತ್ರ ಕುಟ್ಟಿ ನಾರು ಬಿಡಿಸಿ, ಆಮೇಲೆ ಉಳಿದದ್ದು ಸೇರಿಸಬೇಕು. ಒಟ್ಟಿಗೆ ಹಾಕಿದರೆ ಬೆಳ್ಳುಳ್ಳಿ ಜಾರಿಸಿ ಕೆತ್ತೆ ನುರಿಯುವುದೇ ಇಲ್ಲ. ನೀರಿನಲ್ಲಿ ಕಿವುಚಿ ಎರಡು ಮಡಿಕೆ ಬಿಳಿ ಬಟ್ಟೆಯಲ್ಲಿ ಸೋಸಿದರೆ ಮೂರು ಲೀಟರ್ ಚಿಲ್ಲರೆ ಸಿಗುತ್ತದೆ. ಒಂದೇ ಮಡಿಕೆಯಲ್ಲಿ ಸೋಸಿದರೆ ಸಣ್ಣ ನಾರು ಗಂಟಲಲ್ಲಿ ಕೂತು ಕೆಮ್ಮು, ವಾಂತಿ ಬರುತ್ತದೆ. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಕಬ್ಬಿಣದ ಬಾಣಲೆಯಲ್ಲಿ ರಸ ಕಪ್ಪಾಗುತ್ತದೆ.

ಕ್ರಮದ ಪ್ರಕಾರ ಕೆಂಪಗೆ ಕಾದ ಬೆಣಚುಕಲ್ಲನ್ನು ರಸಕ್ಕೆ ಹಾಕಬೇಕು. ಮನೆಯ ಒಂದು ಚೊಂಬು ರಸಕ್ಕೆ ಅದು ಸಾಕು, ಚೊರ್ರೆಂದು ಕುದಿಯುತ್ತದೆ. ಮೂರು ಲೀಟರಿಗೆ ಮುಷ್ಟಿ ಗಾತ್ರದ ಕಲ್ಲು ಹಾಕಿದರೆ ಬರೇ ಉಗುರುಬೆಚ್ಚಗಾಗುತ್ತದೆ, ಮಳೆಯಲ್ಲಿ ನೆನೆದ ಕೆತ್ತೆಯ ಕ್ರಿಮಿ ಸಾಯುವುದಿಲ್ಲ. ಅದಕ್ಕೇ ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ, ಕಲ್ಲನ್ನು ಕೊನೆಗೆ ಶಾಸ್ತ್ರಕ್ಕೆ ಹಾಕುತ್ತೇವೆ. ತೋಡಿನಿಂದ ಆಗಷ್ಟೇ ತಂದ ಕಲ್ಲನ್ನು ಕೆಂಡಕ್ಕೆ ಹಾಕಲೇಬಾರದು. ಬಿರುಕಿನೊಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ವಾರದ ಮುಂಚೆಯೇ ಒಲೆಯ ದಂಡೆಯಲ್ಲಿಟ್ಟು ಒಣಗಿಸುತ್ತೇವೆ.

ದೊಡ್ಡವರಿಗೆ 30 ಮಿಲಿ, ಎಂಟರಿಂದ ಹದಿನೈದರ ಮಕ್ಕಳಿಗೆ 10 ಮಿಲಿ, ಅದೂ ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲಿ. ಲೋಟದ ಲೆಕ್ಕ ಇಟ್ಟರೆ 'ಸ್ವಲ್ಪ ಜಾಸ್ತಿಯೇ ಹಾಕಿ ಡಾಕ್ಟ್ರೇ, ಒಂದು ವರ್ಷಕ್ಕೆ ಆಗ್ಬೇಕಲ್ಲ' ಎನ್ನುವವರನ್ನು ತಡೆಯುವುದು ಕಷ್ಟ. ಖಾಲಿ ಹೊಟ್ಟೆಗೆ ಹೆಚ್ಚಾದರೆ ಹೊಟ್ಟೆ ತೊಳಸಿ ಭೇದಿ ಶುರುವಾಗುತ್ತದೆ. ಬಸುರಿ, ಬಾಣಂತಿ, ಸಣ್ಣ ಮಕ್ಕಳು, ಲಿವರ್ ತೊಂದರೆಯವರು, ರಕ್ತ ತೆಳುವಾಗಿಸುವ ಮಾತ್ರೆಯವರು, ಇವರಿಗೆ ಕೊಡುವುದಿಲ್ಲ, ಗಂಜಿ ಮಾತ್ರ. ಊರಲ್ಲೇ ಇರುವ ವೈದ್ಯನಿಗೆ ಇಲ್ಲೊಂದು ಅನುಕೂಲವುಂಟು: ಯಾರ ಮನೆಯಲ್ಲಿ ಯಾವ ಮಾತ್ರೆ ನಡೆಯುತ್ತಿದೆ ಎಂದು ಗೊತ್ತಿರುತ್ತದೆ. ಗೊತ್ತಿಲ್ಲದ್ದನ್ನು ಆಶಾ ಕಾರ್ಯಕರ್ತೆ ಹೇಳುತ್ತಾರೆ. ಹೆಸರು, ವಯಸ್ಸು, ಮಾತ್ರೆ ಬರೆದುಕೊಂಡ ಮೇಲೆಯೇ ಕಷಾಯ. ಮನೆಗೆಂದು ಬಾಟಲಿ ತಂದವರಿಗೆ ತುಂಬಿಸುವುದಿಲ್ಲ. ಇದಕ್ಕೆ ಕೆಲವರಿಗೆ ಬೇಸರವಿದೆ, ಇರಲಿ.

ನಾನು ಮತ್ತು ಕುಟ್ಟಿದ ಹುಡುಗರು ಮುಕ್ಕಾಲು ಗಂಟೆ ಮೊದಲು ಕುಡಿಯುತ್ತೇವೆ. ಕಾಸರಕ ಸೇರಿದ್ದರೆ ಸಾಮಾನ್ಯವಾಗಿ ಕಾಲು ಅರ್ಧ ಗಂಟೆಯೊಳಗೆ ದವಡೆ, ಕುತ್ತಿಗೆ ಬಿಗಿಯುತ್ತದೆ, ಸಣ್ಣ ಶಬ್ದಕ್ಕೂ ಮೈ ಸೆಟೆಯುತ್ತದೆ. ಹಾಗಾದವರಿಗೆ ವಾಂತಿ ಮಾಡಿಸಲು ಹೋಗಬಾರದು. ಗದ್ದಲ ಮಾಡದೆ ಕೂಡಲೇ ಆಸ್ಪತ್ರೆಗೆ ಸಾಗಿಸಿ, ಉಳಿದ ಕಷಾಯ ಮತ್ತು ಕೆತ್ತೆಯ ತುಂಡನ್ನೂ ಜೊತೆಗೆ ಕೊಡಬೇಕು.

ಕುಡಿದ ಮೇಲೆ ಬಾಯಿಗೆ ಬೆಲ್ಲದ ತುಂಡು, ನಂತರ ಮೆಂತೆ ಗಂಜಿ. ನೂರು ಜನಕ್ಕೆ ಕುಚ್ಚಲಕ್ಕಿ 4 ಕಿಲೋ, ರಾತ್ರಿಯೇ ನೆನೆಹಾಕಿದ ಮೆಂತೆ 400 ಗ್ರಾಂ, ಹತ್ತು ತೆಂಗಿನಕಾಯಿಯ ಹಾಲು, ಬೆಲ್ಲ ಎರಡೂವರೆ ಕಿಲೋ. ದಪ್ಪ ಹಾಲನ್ನು ಉರಿ ಆರಿಸಿದ ಮೇಲೆ ಹಾಕದಿದ್ದರೆ ಒಡೆಯುತ್ತದೆ. ಶುಗರ್ ಇದ್ದವರಿಗೆ ಬೆಲ್ಲ ಹಾಕದೆ ಉಪ್ಪಿನ ಗಂಜಿ ಬೇರೆ ಪಾತ್ರೆಯಲ್ಲಿ. ಗಂಜಿ ಉಂಡೇ ಹೋಗಬೇಕೆಂಬ ಕಟ್ಟುನಿಟ್ಟಿನಿಂದ ಎಲ್ಲರೂ ಅರ್ಧ ಗಂಟೆ ಕಣ್ಣೆದುರೇ ಇರುತ್ತಾರೆ.

ಸಪ್ತಪರ್ಣವು ಮಲೇರಿಯಾಕ್ಕೆಂದು ರೂಪಿಸಿದ ಆಯುಷ್-64 ಮಾತ್ರೆಯಲ್ಲೂ ಇರುವುದರಿಂದ, ಕಷಾಯ ಕುಡಿದರೆ ಮಲೇರಿಯಾ ಬಾರದು ಎಂಬ ಮಾತು ಹಬ್ಬಿದೆ. ವರ್ಷಕ್ಕೊಮ್ಮೆ ಕುಡಿಯುವ 30 ಮಿಲಿಗೆ ಆ ಶಕ್ತಿಯಿಲ್ಲ. ಚಳಿಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ ಎಂದು ಗಂಜಿಯ ಪಂಕ್ತಿಯಲ್ಲೇ ಹೇಳುತ್ತೇನೆ.

ಉಳಿದ ಕಷಾಯವನ್ನು ಒಂಬತ್ತು ಗಂಟೆಗೆ ಚೆಲ್ಲುತ್ತೇವೆ. ಮರದ ಗಾಯಕ್ಕೆ ಮಣ್ಣು, ಸೆಗಣಿ ಕಲಸಿ ಬಳಿದು, ಮುಂದಿನ ಆಟಿಗೆ ಬೇರೆ ಮರ.