ಜಾಹೀರಾತು ಹಿಡಿದು ನಮ್ಮ ಎಫ್‌ಎಂ ಚರಿತ್ರೆ ಕಟ್ಟಿದೆ

ಮೈಸೂರಿನ ನಮ್ಮ ಎಫ್‌ಎಂ ಸ್ಟೇಷನ್ ಚರಿತ್ರೆ ಬರೆಯುತ್ತೇನೆ ಎಂದಾಗ ಹಳೆಯ ಸಹೋದ್ಯೋಗಿಗಳೇ ಬೇಡ ಎಂದರು. ರೆಕಾರ್ಡಿಂಗೇ ಇಲ್ಲವಲ್ಲ ಎಂಬುದು ಅವರ ವಾದ. ಸುಳ್ಳಲ್ಲ. ಲೈಸೆನ್ಸ್ ಷರತ್ತಿನ ಪ್ರಕಾರ ಮೂರು ತಿಂಗಳದ್ದು ಇಟ್ಟರೆ ಸಾಕಿತ್ತು. ಆಮೇಲೆ ಎಲ್ಲ ಅಳಿಸಿಬಿಡುತ್ತಿದ್ದೆವು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಶುರು ಮಾಡಿದ ಆಕಾಶವಾಣಿಯ ಕಥೆ ಊರಿಗೆಲ್ಲ ಗೊತ್ತು. 2005ರ ಖಾಸಗಿ ಎಫ್‌ಎಂನ ಎರಡನೇ ಹಂತದ ನೀತಿಯಿಂದ ಹುಟ್ಟಿದ ನಮ್ಮ ಸ್ಟೇಷನ್ ಕಥೆ ಇಷ್ಟು ಬೇಗ ಮರೆತುಹೋಗಬಾರದು ಅನ್ನಿಸಿತು.

ಮೊದಲು ಆರ್‌ಜೆಗಳನ್ನು ಕೇಳಿದೆ. ಆರು ತಿಂಗಳು ವ್ಯರ್ಥ. ಒಂದೇ ದಸರಾ ಓಬಿಗೆ (ಸ್ಟುಡಿಯೊ ಹೊರಗಿನ ಪ್ರಸಾರ) ಮೂವರು ಮೂರು ವರ್ಷ ಹೇಳಿದರು. ಆಮೇಲೆ ಕೆಟ್ಟುಹೋದ ಎರಡು ಹಾರ್ಡ್‌ಡಿಸ್ಕ್ ರಿಕವರಿಗೆ ಕೊಟ್ಟೆ. ಹದಿನೆಂಟು ಸಾವಿರದಷ್ಟು ಕೈಬಿಟ್ಟಿತು. ಸಿಕ್ಕಿದ್ದು ಬರೀ ಸಿನಿಮಾ ಹಾಡು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆರ್‌ಜೆಗಳು ಇಟ್ಟುಕೊಂಡಿದ್ದ, ತಮ್ಮ ಶೋ ತುಣುಕುಗಳ ಡೆಮೊ ಸಿಡಿಗಳು ಸುಮಾರು 60 ಸಿಕ್ಕವು. ಒಂದರ ಮೇಲೂ ತಾರೀಕಿಲ್ಲ. ಖಾಸಗಿ ಎಫ್‌ಎಂನಲ್ಲಿ ಸುದ್ದಿ ಹೇಳುವ ಹಾಗಿರಲಿಲ್ಲ, ಹಾಗಾಗಿ ಲಿಂಕ್, ಅಂದರೆ ಹಾಡುಗಳ ನಡುವಿನ ಆರ್‌ಜೆ ಮಾತು, ಕೇಳಿ ದಿನ ಹಿಡಿಯುವುದು ಕಷ್ಟ. ಒಂದು ರಾತ್ರಿ ಲಿಂಕ್ ಬಿಟ್ಟು ಜಾಹೀರಾತಿನ ಬ್ರೇಕ್ ಕೇಳಿದೆ. ಸೀರೆ ಅಂಗಡಿ, ಸೈಟು, ಟ್ಯುಟೋರಿಯಲ್. ಇದೇ ಸಾಲು ಟ್ರಾಫಿಕ್ ಲಾಗ್‌ನಲ್ಲೂ (ಯಾವ ಜಾಹೀರಾತು ಯಾವಾಗ ಹೋಯಿತೆಂಬ ದಾಖಲೆ) ಇರಬೇಕು, ಅಲ್ವಾ? ಜಾಹೀರಾತಿನ ದುಡ್ಡು ವಸೂಲಿಗೆ ಅದೇ ತಾನೇ ಸಾಕ್ಷಿ! ಲಾಗ್ ಹಾಳೆ, ಆರ್‌ಒ (ಜಾಹೀರಾತು ಹಾಕಲು ಬರುವ ರಿಲೀಸ್ ಆರ್ಡರ್) ಎಲ್ಲ ಸೇರಿ ಹನ್ನೊಂದು ಮೂಟೆ ಗೋದಾಮಿನಲ್ಲಿ ಬಿದ್ದಿದ್ದವು. ಆ ಬಾಗಿಲು ಹೇಗೆ ತೆಗೆಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಇನ್ನೊಂದು ಸ್ಟೇಷನ್ನಿನಲ್ಲೂ ಅದು ಬೇಕಾಗುತ್ತದೆ.

ಒಂದೇ ಸ್ಪಾಟ್, ಅಂದರೆ ಒಂದೇ ಜಾಹೀರಾತು, ನಂಬಬೇಡಿ. ಮೂರು ಸ್ಪಾಟ್ ಲಾಗ್‌ನಲ್ಲೂ ಅದೇ ಕ್ರಮದಲ್ಲಿ ಸಿಗಬೇಕು. ಡೆಮೊದಲ್ಲಿ ಬ್ರೇಕ್ ಕತ್ತರಿಸಿದ್ದರೆ ಲಿಂಕಿನೊಳಗಿನ ಪ್ರಾಯೋಜಕರ ಹೆಸರು ಹಿಡಿಯಿರಿ. ಹೀಗೆ ನಲವತ್ತಕ್ಕೂ ಜಾಸ್ತಿ ಸಿಡಿಗೆ ತಾರೀಕು ಕೂಡಿಸಿದೆ. ನಮ್ಮಲ್ಲಿ ಇನ್ಯಾರೂ ಇದನ್ನು ಮಾಡಿಲ್ಲ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಲಾಗ್ ಬಿಚ್ಚುವ ಮೊದಲೇ ಜಾಹೀರಾತು ಕೇಳಿ ತಿಂಗಳು ಬರೆದಿಟ್ಟೆ. ಚಿನ್ನದ ಆಫರ್ ಅಂದರೆ ಅಕ್ಷಯ ತೃತೀಯ. ಸೀರೆ ರಿಯಾಯಿತಿ ಅಂದರೆ ಆಷಾಢ. ಹತ್ತರಲ್ಲಿ ಏಳು ಸರಿ ಬಂದವು.

ಮೊದಲ ವಾರದ ಬೆಳಗಿನ ಶೋ ಕೂಡ ಹೀಗೇ ಪತ್ತೆಯಾಯಿತು. ಇಡೀ ಬ್ರೇಕಿನಲ್ಲಿ ಒಂದೇ ಸ್ಪಾಟ್. ಹತ್ತು ಸೆಕೆಂಡಿನದು, ಪಕ್ಕದ ಬೇಕರಿಯದು. ಅದರ ಆರ್‌ಒ ನಂಬರ್ 4.