ಸೆಲ್ ತಿನ್ನುವ ಮೇಜು

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಪಹಣಿ ಪ್ರಿಂಟು, ಕಾಲೇಜು ಹುಡುಗರ ಅರ್ಜಿ ಅಂತ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ಮೌಸಿನ ಮೇಲೆ ಯಾರದ್ದಾದರೂ ಕೈ ಇದ್ದೇ ಇರುತ್ತದೆ. ವೈರ್‌ಲೆಸ್ ಮೌಸಿಗೆ ಬಂದಮೇಲೆ ಮೇಜಿನ ಮೇಲಿನ ವೈರುಗಳ ಗೋಜಲು ಕಡಿಮೆಯಾಯಿತು, ಸೆಲ್ಲಿನ ಖರ್ಚು ಶುರುವಾಯಿತು. ಡಬ್ಬದ ಮೇಲೆ ಒಂದು ಸೆಲ್ಲಿಗೆ ಒಂದು ವರ್ಷ ಅಂತ ಬರೆದಿತ್ತು. ನಮ್ಮಲ್ಲಿ ಹತ್ತು ಹನ್ನೆರಡು ದಿನಕ್ಕೇ ಕೆಲಸದ ಹುಡುಗ ಕೂಗುತ್ತಿದ್ದ: "ಅಣ್ಣ, ಮೌಸು ಮತ್ತೆ ಮನಿಕತ್ತು!"

ಸೆಲ್ಲೇ ಡೂಪ್ಲಿಕೇಟು ಅಂದವರುಂಟು, ಮೌಸೇ ಡಬ್ಬಾ ಅಂದವರುಂಟು. ಯುಪಿಎಸ್ ಬ್ಯಾಟರಿ ನೋಡಲು ಇಟ್ಟಿದ್ದ ಮಲ್ಟಿಮೀಟರ್ ಅಂಗಡಿಯಲ್ಲೇ ಇತ್ತು. ಊಹೆ ಮಾಡುವುದಕ್ಕಿಂತ ಅಳೆಯುವುದೇ ವಾಸಿ ಅನ್ನಿಸಿತು.

ಹಳೇ ಲಗ್ನಪತ್ರಿಕೆಯ ಒಂದು ಚೂರು ಕತ್ತರಿಸಿ, ಅದರ ಎರಡೂ ಮಗ್ಗುಲಿಗೆ ಹೋಟೆಲ್ ಪಾರ್ಸೆಲ್ಲಿನ ಫಾಯಿಲ್ ಅಂಟಿಸಿದೆ, ಒಂದಕ್ಕೊಂದು ತಾಗದ ಹಾಗೆ. ಆ ಪಟ್ಟಿಯನ್ನು ಸೆಲ್ಲಿನ ಬುಡಕ್ಕೂ ಸ್ಪ್ರಿಂಗಿಗೂ ನಡುವೆ ತೂರಿಸಿ, ಮೀಟರಿನ ಒಂದು ಕ್ಲಿಪ್ ಈ ಕಡೆ ಫಾಯಿಲಿಗೆ, ಇನ್ನೊಂದು ಆ ಕಡೆಯದಕ್ಕೆ ಸಿಕ್ಕಿಸಿದೆ. ಮೀಟರ್ 200 ಮಿಲಿಆಂಪ್ ಡಿಸಿಗೆ ತಿರುಗಿಸಿದರೆ, ಮೌಸಿಗೆ ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹಾಯಬೇಕು. ಇದೇ ಸೆಟ್ಟಿಂಗ್‌ನಲ್ಲಿ ಸೆಲ್ಲಿನ ಎರಡೂ ತುದಿಗೆ ನೇರವಾಗಿ ಮುಟ್ಟಿಸಿಬಿಟ್ಟೀರಿ, ಮೀಟರಿನ ಫ್ಯೂಸ್ ಹೋಗುತ್ತದೆ. ನಮ್ಮ ಮೌಸಿನ ಸೆಲ್ ಮುಚ್ಚಳ ಅಂಗೈ ಕೂರುವ ಕಡೆಗಿದೆ. ಹಾಗಾಗಿ ಮುಚ್ಚಳ ತೆಗೆದಿಟ್ಟೂ ಮೌಸು ಆಡಿಸಬಹುದಿತ್ತು.

ಆಡಿಸುವಾಗ ಸುಮಾರು 8 ಮಿಲಿಆಂಪ್ ತೋರಿಸಿತು. ಅದು ಸರಿಯೇ. ಕೈ ತೆಗೆದು ಕಾದೆ. ಇಳಿಯಲೇ ಇಲ್ಲ. ಸ್ಕ್ರೀನ್ ನೋಡಿದರೆ, ಯಾರೂ ಮುಟ್ಟದ ಮೌಸಿನ ಬಾಣ ಇದ್ದಲ್ಲೇ ಸಣ್ಣಗೆ ನಡುಗುತ್ತಿದೆ. ಮಗ್ಗುಲಲ್ಲಿದ್ದ ಲೆಕ್ಕದ ಪುಸ್ತಕದ ಮೇಲೆ ಮೌಸನ್ನು ಎತ್ತಿಟ್ಟೆ. ತುಸು ಹೊತ್ತಿಗೆ 1 ಮಿಲಿಆಂಪಿಗಿಂತ ಕೆಳಗೆ ಬಂತು, ಇನ್ನೂ ಸ್ವಲ್ಪ ಬಿಟ್ಟರೆ 0.1ರ ಆಸುಪಾಸು.

ನಮ್ಮಂಥ ಅಂಗಡಿಗಳ ಮೇಜು ನೀವು ನೋಡಿಯೇ ಇರುತ್ತೀರಿ. ಮೇಲೊಂದು ಗಾಜು, ಅದರಡಿ ಮಿರಮಿರ ಮಿಂಚುವ ಸ್ಯಾಂಪಲ್ ಕಾರ್ಡುಗಳು, ರೇಟ್ ಪಟ್ಟಿ, ಒಂದು ಚಾಮುಂಡೇಶ್ವರಿ ಫೋಟೋ. ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಎಲ್‌ಇಡಿ ಬೆಳಕು ಬಿಟ್ಟು ಕೆಳಗಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಚಿತ್ರ ತೆಗೆದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ಜರುಗಿತು ಅಂತ ಲೆಕ್ಕ ಹಾಕುತ್ತದೆ. ಮರ, ಬಟ್ಟೆ, ಕಾಗದದಲ್ಲಾದರೆ ಗುರುತು ಹಿಡಿಯಲು ಸಣ್ಣ ತರಿ ಇರುತ್ತದೆ. ಗಾಜಿನಲ್ಲಿ ಅದಿಲ್ಲ, ಸಾಲದ್ದಕ್ಕೆ ಬೆಳಕು ಅಡ್ಡಾದಿಡ್ಡಿ ಪ್ರತಿಫಲಿಸುತ್ತದೆ. ಹಾಗಾಗಿ ಕೂತಲ್ಲೇ ಓಡಿದೆನೆಂದು ಮೌಸು ತಿಳಿಯುತ್ತದೆ. ಸೊಳ್ಳೆ ಕಾಟದಲ್ಲಿ ಮಲಗಿದವನ ಹಾಗೆ, ನಿದ್ದೆಗೆ ಜಾರುವಷ್ಟರಲ್ಲಿ ಮತ್ತೆ ಎಚ್ಚರ.

ಲೆಕ್ಕ ಹಾಕಿ ನೋಡಿ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್, ಅಂದರೆ ಡಬಲ್ ಎ, 2000 ಮಿಲಿಆಂಪ್-ಅವರ್ (ಅಂದರೆ ಒಂದು ಮಿಲಿಆಂಪಿನಂತೆ ಎಳೆದರೆ 2000 ಗಂಟೆ) ಅಥವಾ ಅದಕ್ಕಿಂತ ತುಸು ಹೆಚ್ಚು ಕೊಡುತ್ತದೆ. 8 ಮಿಲಿಆಂಪ್ ಬಿಡದೆ ಎಳೆದರೆ 250 ಗಂಟೆ, ಅಂದರೆ ಹತ್ತು ದಿನದ ಚಿಲ್ಲರೆ. ರಾತ್ರಿ ಸ್ವಿಚ್ ಆಫ್ ಮಾಡದೆ ಗಾಜಿನ ಮೇಲೆ ಬಿಟ್ಟು ಹೋಗುತ್ತಿದ್ದ ನಮಗೆ ಲೆಕ್ಕ ಸರಿಯಾಗಿಯೇ ಹೊಂದಿತು. ಡಬ್ಬದ ಮೇಲಿನ ಒಂದು ವರ್ಷವೂ ಪೂರ್ತಿ ಸುಳ್ಳೇನಲ್ಲ. ದಿನದ ಬಹುಪಾಲು ಮೌಸು ಮಲಗಿರುತ್ತದೆ ಅಂತ ಅವರ ಲೆಕ್ಕಾಚಾರ.

ಬೂದು ಬಣ್ಣದ ಒಂದು ಬಟ್ಟೆಯ ಪ್ಯಾಡ್ ತಂದು ಹಾಕಿದೆ. ಪ್ರಿಂಟರ್ ಅದೇ ಮೇಜಿನ ಮೇಲಿತ್ತು. ಅದು ಓಡುವಾಗಲೆಲ್ಲ ಮೇಜು ಅದುರಿ ಮೌಸಿಗೆ ಎಚ್ಚರವಾಗುತ್ತಿತ್ತು, ಅದನ್ನೂ ಪಕ್ಕದ ಸ್ಟ್ಯಾಂಡಿಗೆ ಸಾಗಿಸಿದೆ. ಸೆನ್ಸರ್ ತೂತಿನಲ್ಲಿ ಕೂದಲು ಸಿಕ್ಕಿಕೊಂಡರೂ ಇದೇ ನಡುಕ ಬರುತ್ತದೆ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಿದರೆ ಸಾಕು. ಕೆಂಪು ಬೆಳಕಿನ ಮೌಸಾದರೆ ಅದು ಮಲಗಿದ್ದು ಬರಿಗಣ್ಣಿಗೇ ಕಾಣುತ್ತದೆ, ಬೆಳಕು ಮಂಕಾಗುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡಾದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಬಹುತೇಕ ಫೋನುಗಳಲ್ಲಿ ನಸುನೇರಳೆಯಾಗಿ ಕಾಣುತ್ತದೆ.

ಎರಡನೇ ಕಂಪ್ಯೂಟರಿನಲ್ಲಿ ತೊಂದರೆಯೇ ಬೇರೆ. ಅದರ ಮೌಸಿನ ಮಾತು ಕೇಳಿಸಿಕೊಳ್ಳುವ ಪುಟ್ಟ ರಿಸೀವರನ್ನು ಸಿಪಿಯು ಹಿಂಭಾಗದ ನೀಲಿ ಯುಎಸ್‌ಬಿ ತೂತಿಗೆ ಸಿಕ್ಕಿಸಿದ್ದೆವು, ಪಕ್ಕದಲ್ಲೇ ಹಾರ್ಡ್ ಡಿಸ್ಕ್. ನೀಲಿ ತೂತು ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊರಬೀಳುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಹರಡುತ್ತದೆ, ಮೌಸು ಮಾತಾಡುವುದೂ ಅದೇ ಪಟ್ಟಿಯಲ್ಲಿ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಬರೆದು ಪ್ರಕಟಿಸಿದೆ. ಹೇಳಿದ್ದು ತಲುಪದಿದ್ದರೆ ಮೌಸು ಮತ್ತೆ ಮತ್ತೆ ಹೇಳಬೇಕು, ಹೇಳಿದಷ್ಟೂ ಸೆಲ್ ಇಳಿಯುತ್ತದೆ. ಗಿಡ್ಡದೊಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನು ಮಾನಿಟರ್ ಬುಡಕ್ಕೆ ತಂದಿಟ್ಟೆ. ಬಾಣ ತಡವರಿಸುವುದು ಅವತ್ತೇ ನಿಂತಿತು.

ಸೆಲ್ಲಿನ ವಿಷಯ ಜಾಸ್ತಿ ಹೇಳುವುದಿಲ್ಲ. "ಹೆವಿ ಡ್ಯೂಟಿ" ಅಂತ ಬರೆದು ಕಡಿಮೆ ಬೆಲೆಗೆ ಕೊಡುವುದು ಜಿಂಕ್-ಕಾರ್ಬನ್, ಹೆಸರಿನಷ್ಟು ಭಾರಿಯಲ್ಲ. ಗೋಡೆ ಗಡಿಯಾರಕ್ಕೆ, ರಿಮೋಟಿಗೆ ಸರಿ, ಮೌಸಿಗೆ ಬೇಡ. ಚಾರ್ಜ್ ಆಗುವ ನಿಕ್ಕಲ್ ಸೆಲ್ ಈಗ ನಮ್ಮಲ್ಲಿ ಓಡುತ್ತಿದೆ, ಒಂದು ಮೌಸಿನಲ್ಲಿ, ಇನ್ನೊಂದು ಚಾರ್ಜರಿನಲ್ಲಿ. ಅದರ ವೋಲ್ಟೇಜ್ 1.2, ಆಲ್ಕಲೈನಿನದು 1.5. ಹಾಗಾಗಿ ಕೆಲವು ಮೌಸುಗಳು ಹಾಕಿದ ದಿನವೇ ಬ್ಯಾಟರಿ ಕಡಿಮೆ ಅಂತ ತೋರಿಸುತ್ತವೆ. ಹೆದರಬೇಡಿ, ಮೌಸು ನಡೆಯುವಷ್ಟು ದಿನ ನಡೆಯಲಿ. ಮೌಸು ಬೇಡವೆಂದ ಆಲ್ಕಲೈನ್ ಸೆಲ್ಲನ್ನೂ ತಕ್ಷಣ ಎಸೆಯಬೇಡಿ. ನಮ್ಮ ಅಂಗಡಿಯ ಗಡಿಯಾರ ಅಂಥ ಸೆಲ್ಲಿನಲ್ಲೇ ಓಡುವುದು.

ಇಷ್ಟಾದ ಮೇಲೆ ಬಂದ ಹೊಸ ತಾಪತ್ರಯವೆಂದರೆ ಸೆಲ್ ಇದೆಯೆಂಬುದೇ ಮರೆಯುವುದು. ತಿಂಗಳುಗಟ್ಟಲೆ ಒಳಗೇ ಇದ್ದ ಆಲ್ಕಲೈನ್ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿಯುತ್ತದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಸೆಲ್ ತೆಗೆದು, ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಉಜ್ಜಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಹುಳಿ ಉಳಿಯದಂತೆ ಒರೆಸಿ. ಸ್ಪ್ರಿಂಗ್ ಪೂರ್ತಿ ಒಣಗಿದ ಮೇಲೆಯೇ ಹೊಸ ಸೆಲ್ ಹಾಕಿ.