ಥೈರಾಯ್ಡ್ ಅನುಮಾನವೇ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

‘ಏನ್ ತ್ರಾಸ ಐತ್ರಿ?’ ಎಂದು ಡಾಕ್ಟರು ಕೇಳಿದರೆ ಹುಬ್ಬಳ್ಳಿ-ಗದಗ ಕಡೆಯ ಉತ್ತರ ಬಹುತೇಕ ಒಂದೇ: ‘ಯಾಕೋ ಮೈಯಾಗ ಆರಾಮಿಲ್ರಿ.’ ಒಪಿಡಿಯಲ್ಲಿ ಸಿಗುವುದೇ ಕೆಲವು ನಿಮಿಷ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನವಾಗಿದೆಯೇ ಎಂದು ಇಷ್ಟು ಮಾತಿನಿಂದ ಯಾವ ಡಾಕ್ಟರಿಗೂ ಹೊಳೆಯುವುದಿಲ್ಲ.

ಹೆಜ್ಜೆ 1: ಬರೆಯಿರಿ

ಎರಡು ಮೂರು ವಾರ ದಿನಕ್ಕೆ ಒಂದೇ ಸಾಲು ಬರೆದರೆ ಸಾಕು. ‘ಸುಸ್ತು’ ಎಂದಷ್ಟೇ ಬೇಡ. ‘ಮಧ್ಯಾಹ್ನ 3ಕ್ಕೆ ಕಣ್ಣು ಎಳೆಯಿತು. ರೊಟ್ಟಿ ಬಡಿಯುವಾಗ ಬೆರಳು ಬಿಗಿ. ಎಲ್ಲರಿಗೂ ಸೆಕೆ, ನನಗೆ ಚಳಿ.’ ಹೀಗಿರಲಿ. ತೂಕ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟಿನ ತಾರೀಖು ಸೇರಿಸಿ. ತಾಯಿಗೋ ಅತ್ತೆಗೋ, ನಿಮ್ಮ ರಕ್ತಸಂಬಂಧದಲ್ಲಿ ಯಾರಿಗೆ ಥೈರಾಯ್ಡ್ ತೊಂದರೆ ಇದೆ ಎಂದು ಕೇಳಿ. ಅತ್ತೆ ಅಂದರೆ ಸೋದರತ್ತೆ ಲೆಕ್ಕಕ್ಕೆ ಬರುತ್ತಾರೆ, ಗಂಡನ ತಾಯಿ ಬರುವುದಿಲ್ಲ!

ಹೆಜ್ಜೆ 2: ಸರಿಯಾದ ಟೆಸ್ಟ್

ಶುರುವಿಗೆ ಟಿಎಸ್‌ಎಚ್, ಅಂದರೆ ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಎಂದು ಹೇಳುವ ಹಾರ್ಮೋನಿನ ರಕ್ತಪರೀಕ್ಷೆ. ಅದರಲ್ಲಿ ಏರುಪೇರು ಕಂಡರೆ ಫ್ರೀ ಟಿ4, ಅಂದರೆ ಗ್ರಂಥಿಯೇ ತಯಾರಿಸುವ ಹಾರ್ಮೋನಿನ ಪರೀಕ್ಷೆ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದಿದೆಯೇ ಎಂದು ನೋಡಲು ಆ್ಯಂಟಿ ಟಿಪಿಒ. ಈ ಕಾಯಿಲೆಯನ್ನು 1912ರಲ್ಲಿ ಮೊದಲು ವಿವರಿಸಿದವರು ಜಪಾನಿನ ಡಾಕ್ಟರ್ ಹಕಾರು ಹಾಶಿಮೊಟೊ. ಅದಕ್ಕೇ ಅದು ಹಾಶಿಮೊಟೊ.

ಜನ ಎಡವುವುದು ಇಲ್ಲೇ. ಟಿಪಿಒ ಪಾಸಿಟಿವ್, ಟಿಎಸ್‌ಎಚ್ ಮಾತ್ರ ನಾರ್ಮಲ್ ಬಂದರೆ ಸಾಮಾನ್ಯವಾಗಿ ಗುಳಿಗೆ ಕೊಡುವುದಿಲ್ಲ. ಗ್ರಂಥಿ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸುತ್ತಿರಬೇಕು. ಹಾಗಂತ ಸುಸ್ತು ಸುಳ್ಳಲ್ಲ, ಅದಕ್ಕೆ ಬೇರೆ ಕಾರಣ ಇರಬಹುದು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ), ಬಿ12 ವಿಟಮಿನ್, ಶುಗರ್ ನೋಡೋಣವೇ ಎಂದು ಕೇಳಿ. ಗೊರಕೆ ಇದ್ದರೆ ಹೇಳಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಹೇಳಿ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲು ನಾಚಿಕೆ ಯಾಕೆ? ‘ಸುಮ್ನೆ ಯೋಚನೆ ಜಾಸ್ತಿ ಮಾಡ್ತೀ’ ಎನ್ನುವ ಮನೆಯವರನ್ನೇ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ.

ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಗುಳಿಗೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ತಿಳಿಸಿ. ಅದು ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು. ಕನಿಷ್ಠ 2 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ.

ಹೆಜ್ಜೆ 3: ಗುಳಿಗೆ ಬರೆದುಕೊಟ್ಟರೆ

ನಮ್ಮಲ್ಲಿ ಇದಕ್ಕೆ ದೊಡ್ಡ ಅಡ್ಡಿ ಚಹಾ. ಹಾಸಿಗೆಯಿಂದ ಎದ್ದ ಕೂಡಲೇ ಕಪ್ಪು ಕೈಗೆ ಬರಬೇಕು, ಅಲ್ವಾ? ಥೈರಾಯ್ಡ್ ಗುಳಿಗೆ ಲಿವೋಥೈರಾಕ್ಸಿನ್ ಅನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಳ್ಳಬೇಕು. ಚಹಾಕ್ಕೆ ಅರ್ಧದಿಂದ ಒಂದು ತಾಸು ತಡೆಯಿರಿ. ಗುಳಿಗೆ ಬಾಟಲಿಯನ್ನು ತಲೆದಿಂಬಿನ ಹತ್ತಿರ, ನೀರಿನ ತಂಬಿಗೆ ಪಕ್ಕದಲ್ಲೇ ಇಟ್ಟುಕೊಂಡರೆ ಕೆಲಸ ಸುಲಭ. ಒಲೆಯ ಹತ್ತಿರ ಮಾತ್ರ ಬೇಡ, ಬಿಸಿಗೆ ಕೆಡುತ್ತದೆ. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆಗೆ 4 ತಾಸು ಅಂತರ ಬೇಕು.

ಡೋಸ್ ಬದಲಾದ ಮೇಲೆ ಟಿಎಸ್‌ಎಚ್ ಒಂದು ಮಟ್ಟಕ್ಕೆ ನಿಲ್ಲಲು 6ರಿಂದ 8 ವಾರ ಬೇಕು. ವಾರಕ್ಕೊಮ್ಮೆ ಲ್ಯಾಬಿಗೆ ಓಡಿದರೆ ದುಡ್ಡು ಹಾಳು ಅಷ್ಟೇ. ಕೋಸು ಥೈರಾಯ್ಡಿಗೆ ಆಗದು ಎಂದು ಹೆದರಿ ಬೇಯಿಸಿದ ಕೋಸಿನ ಪಲ್ಯ ಬಿಡಬೇಕಿಲ್ಲ. ಅಯೋಡಿನ್ ಉಪ್ಪಿದ್ದರೆ ಸಾಕು, ಬೇರೆ ಅಯೋಡಿನ್ ಗುಳಿಗೆ ನೀವಾಗಿಯೇ ಶುರು ಮಾಡಬೇಡಿ.

ಗರ್ಭಿಣಿ ಎಂದು ಗೊತ್ತಾದರೆ ಮುಂದಿನ ತಪಾಸಣೆಗೆ ಕಾಯದೆ ಕೂಡಲೇ ಡಾಕ್ಟರಿಗೆ ತಿಳಿಸಿ, ಡೋಸ್ ಏರಿಸಬೇಕಾಗಬಹುದು. ಕುತ್ತಿಗೆಯ ಬಾವು ಬೇಗ ಬೆಳೆದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೋಟ್‌ಬುಕ್ ಬದಿಗಿಟ್ಟು ಅಂದೇ ದವಾಖಾನೆಗೆ ಹೋಗಿ.